ಮೃಗಶಿರೆಯಿಂದ ಮೃಗಶಿರೆಯವರೆಗೆ

ಆದೋನಿಯ ಕಡೆಯ ಶಿಕ್ಷಕ ಬಂಧುಗಳೊಬ್ಬರು ನಮಗೆ ಪತ್ರ ಬರೆದು ಒಂದು ಪ್ರಶ್ನೆ ಕೇಳಿದ್ದಾರೆ. ಅವರ ಶಾಲೆಯಲ್ಲಿ ಜೂನ್ ತಿಂಗಳಿನಲ್ಲಿ ಕೃಷಿ ಸಂಘವನ್ನು ಸ್ಥಾಪಿಸಿದಾಗ ಮಕ್ಕಳು ನಾ ಮುಂದು ತಾ ಮುಂದು ಎಂದು ಹೆಸರು ಕೊಟ್ಟರಂತೆ. ದಸರೆಯ ರಜೆ ಮುಗಿಯುವ ವೇಳೆಗೆ ಅರ್ಧಕ್ಕರ್ಧ ಮಂದಿ ಕಾಣೆಯಾದರಂತೆ. ಸಂಕ್ರಾಂತಿಯ ಅನಂತರ ಗುದ್ದಲಿ ಹಿಡಿಯಲು ಅವರೊಬ್ಬರೇ ಉಳಿದರಂತೆ. ‘ಮಕ್ಕಳ ಆಸಕ್ತಿಯನ್ನು ವರ್ಷವಿಡೀ ಉಳಿಸಿಕೊಳ್ಳುವ ಉಪಾಯವಿದ್ದರೆ ತಿಳಿಸಿ’ ಎಂದು ಕೇಳಿಕೊಂಡಿದ್ದಾರೆ.

ಪತ್ರವನ್ನು ಓದಿ ನಮಗೆ ನಗು ಬಂದಿತು, ಅನಂತರ ಸಂಕೋಚವೂ ಆಯಿತು. ಏಕೆಂದರೆ ಇದು ನಮ್ಮದೇ ಕಥೆ. ಸಿ. ಬೆಳಗಲ್ಲಿನ ನಮ್ಮ ಶಾಲೆಯಲ್ಲಿ ಮೊದಲ ವರ್ಷ ಸಂಘದ ದಾಖಲೆ ಪುಸ್ತಕದಲ್ಲಿ 46 ಹೆಸರುಗಳಿದ್ದವು. ಜನವರಿ ಕೊನೆಯ ಶನಿವಾರ ನಾವು ಹಾಜರಿ ತೆಗೆದುಕೊಂಡಾಗ ನಿಂತಿದ್ದವರು ಒಂಬತ್ತು ಜನ; ಅವರಲ್ಲಿ ಇಬ್ಬರು ಆಟದ ಪಿರಿಯಡ್ ಎಂದು ತಪ್ಪಾಗಿ ತಿಳಿದು ಬಂದವರು! ಶಿಕ್ಷಕ ತರಬೇತಿಯ ದಿನಗಳಲ್ಲಿ ‘ಕಾರ್ಯಾನುಭವ’ ಎಂಬ ವಿಷಯದ ಮೇಲೆ ಪುಟಗಟ್ಟಲೆ ಉತ್ತರ ಬರೆದು ಒಳ್ಳೆಯ ಅಂಕಗಳನ್ನು ಪಡೆದಿದ್ದ ನಮಗೆ, ಆ ಒಂಬತ್ತು ಜನರ ಮುಂದೆ ಏನು ಹೇಳಬೇಕೆಂಬುದು ತಿಳಿಯಲಿಲ್ಲ.

ತಪ್ಪು ಎಲ್ಲಿದೆ? ಮೊದಲು ನಾವು ಮಕ್ಕಳನ್ನೇ ದೂರಿದೆವು. ಈಗಿನ ಮಕ್ಕಳಿಗೆ ಮಣ್ಣು ಬೇಡ, ಮೊಬೈಲ್ ಸಾಕು ಎಂದು ಸಹೋದ್ಯೋಗಿಗಳೊಡನೆ ಮಾತನಾಡಿಕೊಂಡೆವು. ಆದರೆ ಹಾಜರಿ ಪುಸ್ತಕವನ್ನೂ ಊರಿನ ಬೆಳೆಯ ಕಾಲವನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ಬೇರೆಯೇ ಸಂಗತಿ ಕಂಡಿತು. ಮಕ್ಕಳು ಬೇಸರದಿಂದ ಬಿಟ್ಟುಹೋಗಿರಲಿಲ್ಲ. ಬಹುಪಾಲು ಮಂದಿ ನಿಜವಾದ ಕೃಷಿಗೇ ಹೋಗಿದ್ದರು. ಬೀಜದ ಹತ್ತಿಯ ಹೊಲಗಳಲ್ಲಿ ಸಂಜೆ ಹೂವಿನ ಕೇಸರ ಕೀಳುವ, ಬೆಳಿಗ್ಗೆ ಪರಾಗ ಮುಟ್ಟಿಸುವ ಕೆಲಸವಿರುತ್ತದೆ. ನದಿಯಾಚೆ ಗದ್ವಾಲದ ಸೀಮೆಯಲ್ಲಂತೂ ಅದು ದೊಡ್ಡ ವ್ಯವಸಾಯ. ಸಣ್ಣ ಕೈಗಳಿಗೆ ಆ ಕೆಲಸ ಚೆನ್ನಾಗಿ ಬರುತ್ತದೆಂದು ಹಿರಿಯರ ಎಣಿಕೆ. ಅದು ಮುಗಿಯುತ್ತಲೇ ಹತ್ತಿ ಬಿಡಿಸುವ ಕಾಲ. ಸಂಕ್ರಾಂತಿ ಕಳೆಯಿತೆಂದರೆ ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆಗೆ ಲಾರಿ, ಟ್ರಾಕ್ಟರುಗಳಲ್ಲಿ ಸಂಸಾರಗಳೇ ಹೊರಡುತ್ತವೆ. ಮನೆಗೆ ಬೀಗ ಬಿದ್ದ ಮೇಲೆ ಮಗುವೊಂದನ್ನು ಊರಲ್ಲಿ ಬಿಡುವವರಾರು? ಪಶ್ಚಿಮ ಕರ್ನೂಲಿನ ಯಾವ ಹೆಡ್‌ಮಾಸ್ತರರನ್ನು ಕೇಳಿದರೂ ಈ ಮಾತು ಹೇಳಿಯಾರು.

ಆದಕಾರಣ ‘ಆಸಕ್ತಿ’ ಎಂಬ ಒಂದೇ ಮಾತಿನಲ್ಲಿ ಈ ಪ್ರಶ್ನೆಯನ್ನು ಮುಗಿಸಲಾಗದು. ಹೊಲದ ಕೆಲಸದಿಂದಾಗಿ ಶಾಲೆ ತಪ್ಪಿಸುವ ಮಗುವಿಗೆ ನಾವು ಶಾಲೆಯಲ್ಲಿ ಹೊಲದ ಕೆಲಸವನ್ನೇ ಮುಂದಿಡುತ್ತಿದ್ದೇವೆ. ಅದು ಇದಕ್ಕಿಂತ ಬೇರೆ ಎಂಬುದು ಮಗುವಿಗೂ ತಿಳಿಯಬೇಕು, ಹೆತ್ತವರಿಗೂ ತಿಳಿಯಬೇಕು. ತಂದೆಯೊಬ್ಬರು ನಮ್ಮ ಕೊಠಡಿಗೆ ಬಂದು, ‘ಸಾರ್, ಮಣ್ಣು ಹೊರೋದು ನಮಗೇ ಸಾಕಾಗೈತಿ. ಅವನಿಗೂ ಅದನ್ನೇ ಕಲಿಸೋದಾದ್ರೆ ಶಾಲಿಗ್ಯಾಕೆ ಕಳಿಸ್ಬೇಕು?’ ಎಂದು ಕೇಳಿದರು. ಅವರ ಮಾತಿನಲ್ಲಿ ಒರಟುತನವಿರಲಿಲ್ಲ. ನಮ್ಮ ಬಳಿ ಅಂದು ಉತ್ತರವೂ ಇರಲಿಲ್ಲ.

ಉತ್ತರ ದೊರೆತದ್ದು ಬಹಳ ದೂರದ ಒಂದು ಸಂಗತಿಯಿಂದ. ಅಮೆರಿಕದ ಒಹಾಯೊ ರಾಜ್ಯದಲ್ಲಿ ಎ. ಬಿ. ಗ್ರಹಾಂ ಎಂಬ ಶಾಲಾ ಮೇಲ್ವಿಚಾರಕರು ಹಳ್ಳಿ ಮಕ್ಕಳ ಕೃಷಿ ಸಂಘವನ್ನು ಆರಂಭಿಸಿದರು. ಮುಂದೆ ಜಗತ್ತಿನ ಅನೇಕ ದೇಶಗಳಿಗೆ ಹರಡಿದ ‘4-ಎಚ್’ ಚಳವಳಿಯ ಮೂಲಗಳಲ್ಲಿ ಅದನ್ನೂ ಒಂದೆಂದು ಎಣಿಸುತ್ತಾರೆ. ನಮ್ಮ ಗಮನ ಸೆಳೆದದ್ದು ಅದಲ್ಲ. ಅವರು ಸಂಘದ ಮೊದಲ ಸಭೆಯನ್ನು ಕರೆದದ್ದು 1902ರ ಜನವರಿಯಲ್ಲಿ! ಅಲ್ಲಿ ಜನವರಿಯೆಂದರೆ ಹಿಮ. ನೆಲದಲ್ಲಿ ಒಂದು ಹುಲ್ಲೂ ಬೆಳೆಯದು. ಬೆಳೆಯಿಲ್ಲದ ಕಾಲದಲ್ಲಿ ಆರಂಭವಾದ ಕೃಷಿ ಸಂಘ. ಆ ಮಕ್ಕಳು ಮಾಡಿದ ಕೆಲಸಗಳಲ್ಲಿ ಮುಸುಕಿನ ಜೋಳದ ಒಳ್ಳೆಯ ಬೀಜವನ್ನು ಬೆಳೆಸಿ ನೋಡುವುದೂ ಲಿಟ್ಮಸ್ ಕಾಗದದಿಂದ ತಮ್ಮ ಹೊಲದ ಮಣ್ಣನ್ನು ಪರೀಕ್ಷಿಸುವುದೂ ಸೇರಿದ್ದವು. ಅಂದರೆ ಅವರು ಅಪ್ಪನ ಹೊಲದಲ್ಲಿ ಮಾಡುವ ಕೆಲಸವನ್ನೇ ಮತ್ತೆ ಮಾಡಲಿಲ್ಲ. ಅಪ್ಪನು ಮಾಡದಿದ್ದ ಕೆಲಸವನ್ನು ಮಾಡಿದರು. ನಮ್ಮಲ್ಲಿಯೂ ಈ ವಿಚಾರ ಹೊಸದೇನಲ್ಲ. ರವೀಂದ್ರರು 1922ರಲ್ಲಿ ಶ್ರೀನಿಕೇತನವನ್ನು ಆರಂಭಿಸಿದರು. 1937ರ ಅಕ್ಟೋಬರಿನಲ್ಲಿ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿಯವರು ಕೈಕಸುಬಿನ ಮೂಲಕ ಶಿಕ್ಷಣವೆಂಬ ತತ್ವವನ್ನು ದೇಶದ ಮುಂದಿಟ್ಟರು. ಇತ್ತೀಚೆಗೆ 2019ರಲ್ಲಿ ಕೇಂದ್ರ ಸರ್ಕಾರವು ಶಾಲಾ ಪೌಷ್ಟಿಕ ಕೈತೋಟಗಳಿಗಾಗಿ ಮಾರ್ಗಸೂಚಿಯನ್ನು ಹೊರಡಿಸಿತು. ಸುತ್ತೋಲೆಗಳಿಗೆ ನಮ್ಮ ದೇಶದಲ್ಲಿ ಎಂದೂ ಬರಗಾಲವಿಲ್ಲ.

ನಾವು ಎರಡನೆಯ ವರ್ಷ ಮಾಡಿದ ಮೊದಲ ಬದಲಾವಣೆಯೆಂದರೆ ಸಂಘದ ವರ್ಷವನ್ನು ಮಳೆ ನಕ್ಷತ್ರಗಳ ಮೇಲೆ ಹೂಡಿದ್ದು. ನಮ್ಮ ರಾಜ್ಯದ ಶಾಲೆಗಳ ಬಾಗಿಲು ತೆರೆಯುವುದು ಜೂನ್ 12ರಂದು. ಮೃಗಶಿರೆ ಮಳೆ ಹೂಡುವುದು ಅದಕ್ಕೆ ನಾಲ್ಕೈದು ದಿನ ಮೊದಲು. ಇದಕ್ಕಿಂತ ಒಳ್ಳೆಯ ಮುಹೂರ್ತವನ್ನು ಯಾವ ಪಂಚಾಂಗದವರೂ ಕೊಡಲಾರರು. ಕಾರಹುಣ್ಣಿಮೆಯೂ ಅದೇ ಆಸುಪಾಸಿನಲ್ಲಿ ಬರುತ್ತದೆ; ತೆಲುಗು ಮನೆಗಳಲ್ಲಿ ಅದೇ ದಿನ ‘ಏರುವಾಕ ಪೌರ್ಣಮಿ’. ಎರಡು ಭಾಷೆಯ ಮಕ್ಕಳೂ ಒಂದೇ ಹಬ್ಬವನ್ನು ಎರಡು ಹೆಸರಿನಿಂದ ಕರೆಯುವುದನ್ನು ಕಂಡು, ಸಂಘದ ದಿನಚರಿಯಲ್ಲಿ ಪ್ರತಿಯೊಂದನ್ನೂ ಎರಡು ಕಂಬಸಾಲುಗಳಲ್ಲಿ ಬರೆಯಿಸಿದೆವು: ತೊಗರಿ ಎಂದರೆ ಕಂದಿ, ನವಣೆ ಎಂದರೆ ಕೊರ್ರ, ಔಡಲವೆಂದರೆ ಆಮುದಂ, ಪುಂಡಿಪಲ್ಲೆಯೆಂದರೆ ಗೋಂಗೂರ. ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ತೆಲುಗು ಓದುವ ಮಕ್ಕಳು ಮೊದಲ ಸಲ ಅಜ್ಜಿಯ ಮಾತನ್ನು ಶಾಲೆಯ ಪುಸ್ತಕದಲ್ಲಿ ಬರೆದರು. ‘ಮಸಾರಿ’ ಎಂಬ ಮಾತಿಗೆ ತೆಲುಗಿನಲ್ಲಿ ಏನೆನ್ನಬೇಕೆಂಬ ಚರ್ಚೆ ಎರಡು ದಿನ ನಡೆಯಿತು. ಇದು ಕೃಷಿಯಲ್ಲವೆಂದು ಯಾರಾದರೂ ಹೇಳಿದರೆ ನಾವು ಒಪ್ಪುವುದಿಲ್ಲ.

ಎರಡನೆಯ ಬದಲಾವಣೆ ಮಡಿಗಳದು. ಮೊದಲ ವರ್ಷ ಎಲ್ಲರೂ ಸೇರಿ ಒಂದು ದೊಡ್ಡ ತೋಟ ಮಾಡಿದ್ದೆವು. ಎಲ್ಲರ ತೋಟವೆಂದರೆ ಯಾರ ತೋಟವೂ ಅಲ್ಲ. ಈಗ ಆರಡಿ ಉದ್ದ, ನಾಲ್ಕಡಿ ಅಗಲದ ಮಡಿಗಳನ್ನು ಮಾಡಿ, ಇಬ್ಬರಿಗೆ ಒಂದರಂತೆ ಕೊಟ್ಟೆವು. ಇಷ್ಟು ಸಣ್ಣ ಮಡಿಯೇಕೆ ಎಂದರೆ ಲೆಕ್ಕವಿದೆ: 24 ಚದರಡಿ ಎಂದರೆ ಎರಡೂಕಾಲು ಚದರ ಮೀಟರಿಗೆ ಸ್ವಲ್ಪ ಕಡಮೆ. ದಿನಕ್ಕೆ ಐದು ಮಿಲಿಮೀಟರ್ ನೀರು ಬೇಕೆಂದುಕೊಂಡರೆ ಹನ್ನೊಂದು ಲೀಟರ್, ಒಂದು ಬಕೆಟ್. ಮಗುವೊಂದು ಸೋಲದೆ ಹೊರಬಲ್ಲ ನೀರು ಅಷ್ಟೇ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ಎಂಬುದನ್ನು ಗಣಿತದ ಪಿರಿಯಡ್ಡಿನಲ್ಲಿ ಹತ್ತು ಸಲ ಹೇಳಿದರೂ ತಲೆಗೆ ಹೋಗದಿದ್ದ ಮಕ್ಕಳಿಗೆ ಬಕೆಟ್ಟು ಹೊತ್ತ ವಾರದಲ್ಲಿ ಅದು ತಿಳಿಯಿತು. ಶಾಲೆಯ ಮಾಳಿಗೆಯ ಮೇಲೆ ಹತ್ತು ಮಿಲಿಮೀಟರ್ ಮಳೆ ಬಿದ್ದ ದಿನ, ನೂರು ಚದರ ಮೀಟರಿಗೆ ಒಂದು ಸಾವಿರ ಲೀಟರ್ ನೀರು ಕೊಳವೆಯಿಂದ ಚರಂಡಿಗೆ ಹೋಯಿತೆಂದು ಲೆಕ್ಕ ಹಾಕಿ ತೋರಿಸಿದವನು ಏಳನೆಯ ತರಗತಿಯ ಹುಡುಗ. ಅವನ ಲೆಕ್ಕವನ್ನು ನೋಡಿದ ಮೇಲೆಯೇ ನಾವು ಒಂದು ಡ್ರಮ್ಮನ್ನು ಅಲ್ಲಿ ಇಡಿಸಿದ್ದು.

ನೀರಿನ ಮಾತು ಬಂದಾಗ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆವು. ತುಂಗಭದ್ರೆ ನಮ್ಮ ನೆರೆಯಲ್ಲೇ ಹರಿಯುತ್ತಾಳೆ. ಸುಂಕೇಸುಲದ ಬಳಿ ಆಕೆಗೆ ಅಡ್ಡಕಟ್ಟೆ ಹಾಕಿ ಕರ್ನೂಲು-ಕಡಪ ಕಾಲುವೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲೇ, ಮದ್ರಾಸ್ ನೀರಾವರಿ ಕಂಪನಿಯ ಕಾಲದಲ್ಲೇ ತೋಡಿದರು. ನೀರಾವರಿಯ ಜೊತೆಗೆ ದೋಣಿಗಳನ್ನು ನಡೆಸಬೇಕೆಂಬ ಆಲೋಚನೆಯೂ ಅದರಲ್ಲಿತ್ತು. ಕಂಪನಿಗೆ ಲಾಭವಾಗದೆ 1882ರಲ್ಲಿ ಸರ್ಕಾರವೇ ಅದನ್ನು ಕೊಂಡುಕೊಂಡಿತು. ನೂರೈವತ್ತು ವರ್ಷಗಳ ಹಿಂದೆ ಕಡಪಕ್ಕೆ ನೀರು ಹೊರಟ ಸೀಮೆಯಲ್ಲಿ ನಮ್ಮ ಮಕ್ಕಳು ಇಂದು ಕೈಪಂಪಿನ ಮುಂದೆ ಸಾಲು ನಿಲ್ಲುತ್ತಾರೆ. ಈ ಕಾಲುವೆಯ ಕಥೆಯನ್ನು ಹೇಳಿದಾಗ ಒಬ್ಬಳು, ‘ಕಾಲುವೆ ನಮ್ಮ ಶಾಲಿ ಕಡೆ ಯಾಕೆ ತಿರುಗಲಿಲ್ಲ ಸಾರ್?’ ಎಂದಳು. ಇಳಿಜಾರು, ಮಟ್ಟ ಎಂದು ವಿವರಿಸಿದೆವು. ಅವಳಿಗೆ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ.

ಬೆಳೆಯ ಆಯ್ಕೆಯಲ್ಲಿ ನಾವು ಕಲಿತ ಪಾಠ ಚಿಕ್ಕದು. ಮಗುವಿನ ತಾಳ್ಮೆಗಿಂತ ಬೆಳೆಯ ಅವಧಿ ದೀರ್ಘವಾಗಿರಬಾರದು. ಮೊದಲ ವರ್ಷ ತೊಗರಿ ಹಾಕಿ ಆರು ತಿಂಗಳು ಕಾಯಲು ಹೇಳಿದ್ದೆವು, ಶುದ್ಧ ಅವಿವೇಕ. ಈಗ ಮೊದಲು ರಾಜಗಿರಿ, ಪುಂಡಿಪಲ್ಲೆ. ಒಂದು ತಿಂಗಳಲ್ಲಿ ಸೊಪ್ಪು ಕೈಗೆ ಬಂದು ಮಧ್ಯಾಹ್ನದ ಊಟದ ಬೇಳೆಯಲ್ಲಿ ಬೀಳುತ್ತದೆ. ತಾನು ಬೆಳೆದದ್ದನ್ನು ತರಗತಿಯವರೆಲ್ಲ ಉಂಡರೆಂಬ ಸಂತೋಷ ಮುಂದಿನ ಎರಡು ತಿಂಗಳಿಗೆ ಗೊಬ್ಬರವಾಗುತ್ತದೆ. ಅದರ ಹಿಂದೆ ಚವಳಿಕಾಯಿ, ಹೀರೆ. ಚಳಿ ಬೀಳುತ್ತಲೇ ಮೆಂತೆ, ಕೊತ್ತಂಬರಿ. ಎರೆಮಣ್ಣಿನ ಒಂದು ಮೂಲೆಯಲ್ಲಿ ಮಂಜಿಗೇ ಬೆಳೆಯುವ ಹಿಂಗಾರಿ ಕಡಲೆ. ಬೇಲಿಯುದ್ದಕ್ಕೂ ನುಗ್ಗೆ, ಕರಿಬೇವು.

ಈ ಸೊಪ್ಪು ತರಕಾರಿ ಯಾರಿಗೆ ಸೇರಬೇಕೆಂಬ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು ಬೇಕು. ನಮ್ಮಿಂದಲೇ ಆದ ಒಂದು ತಪ್ಪನ್ನು ವಾಚಕರ ಮುಂದೆ ಒಪ್ಪಿಕೊಳ್ಳುತ್ತೇವೆ. ಒಮ್ಮೆ ಅತಿಥಿಗಳೊಬ್ಬರು ಶಾಲೆಗೆ ಬಂದಿದ್ದಾಗ ಹೀರೇಕಾಯಿಗಳನ್ನು ಮೆಚ್ಚಿಕೊಂಡರು. ಮರ್ಯಾದೆಗಾಗಿ ನಾವು ಒಂದು ಚೀಲದ ತುಂಬ ಕೀಳಿಸಿ ಅವರಿಗೆ ಕೊಟ್ಟು ಕಳುಹಿಸಿದೆವು. ಮಕ್ಕಳು ಒಂದು ಮಾತೂ ಆಡಲಿಲ್ಲ. ಮರುದಿನದಿಂದ ಆ ಮಡಿಗೆ ನೀರು ಬೀಳಲಿಲ್ಲ. ನಾವು ವಾರದ ತನಕ ಕಾರಣ ತಿಳಿಯದೆ ಗದರಿಸಿದೆವು. ಕೊನೆಗೆ ಅಡುಗೆಯ ತಾಯಿಯೇ, ‘ಕಾಯಿ ಎಲ್ಲಿಗೆ ಹೋದವು ಅಂತ ಹುಡುಗರು ಕೇಳ್ತಾವೆ ಸಾರ್’ ಎಂದು ಮೆಲ್ಲಗೆ ಹೇಳಿದರು. ಅಂದಿನಿಂದ ಕಿತ್ತ ಪ್ರತಿಯೊಂದು ಕಾಯಿಯ ತೂಕ ದಿನಚರಿಯಲ್ಲಿ ಬರುತ್ತದೆ, ಎಲ್ಲಿಗೆ ಹೋಯಿತೆಂಬುದೂ ಬರುತ್ತದೆ. ಹೆಡ್‌ಮಾಸ್ತರರ ಮನೆಗೆ ಹೋದ ಕೊತ್ತಂಬರಿ ಕಟ್ಟಿಗೂ ಹಣ ಕಟ್ಟಬೇಕು, ಕಟ್ಟಿದ್ದೇವೆ.

ಇನ್ನೊಂದು ತಪ್ಪು ಇದಕ್ಕಿಂತ ಹಳೆಯದು, ಅನೇಕ ಶಾಲೆಗಳಲ್ಲಿ ಈಗಲೂ ಇರುವಂಥದು. ಮನೆಪಾಠ ಬರೆಯದವನಿಗೆ ಕಳೆ ಕೀಳುವ ಶಿಕ್ಷೆ. ಗುದ್ದಲಿಯನ್ನು ಬೆತ್ತವನ್ನಾಗಿ ಮಾಡಿ, ಅದೇ ಗುದ್ದಲಿಯನ್ನು ಪ್ರೀತಿಸೆಂದರೆ ಯಾವ ಮಗು ಪ್ರೀತಿಸೀತು? ಇದಕ್ಕೆ ಹತ್ತಿರದ್ದೇ ಮತ್ತೊಂದು: ಕೆಲವು ಮನೆಗಳ ಮಕ್ಕಳು ಸದಾ ದಿನಚರಿ ಬರೆಯುವವರಾಗಿ, ಕೆಲವು ಕೇರಿಗಳ ಮಕ್ಕಳು ಸದಾ ಅಗೆಯುವವರಾಗಿ, ಹೆಣ್ಣುಮಕ್ಕಳು ಸದಾ ಕಸ ಗುಡಿಸುವವರಾಗಿ ತಾವಾಗಿಯೇ ಹಂಚಿಹೋಗುತ್ತಾರೆ. ಮೇಷ್ಟರು ಏನೂ ಮಾಡದಿದ್ದರೆ ಊರೇ ಶಾಲೆಯೊಳಗೆ ಬಂದು ಕೂತುಕೊಳ್ಳುತ್ತದೆ. ವಾರಕ್ಕೊಮ್ಮೆ ಸರದಿ ಬದಲಾಯಿಸಿ ಗೋಡೆಯ ಮೇಲೆ ಬರೆದು ಹಾಕುತ್ತೇವೆ. ಒಂದಿಬ್ಬರು ಹೆತ್ತವರು ಕೇಳಿಕೊಂಡು ಬಂದದ್ದುಂಟು. ಸರದಿಯನ್ನು ಬದಲಾಯಿಸಲಿಲ್ಲ.

ಇನ್ನು ಜನವರಿಯ ವಿಷಯ. ಪತ್ರ ಬರೆದ ಮಿತ್ರರ ನಿಜವಾದ ಸಂಕಟ ಇಲ್ಲಿಯೇ ಇರುವುದು.

ಮಡಿಯನ್ನು ಇಬ್ಬರಿಗೆ ಕೊಡುವುದರಲ್ಲಿ ನಮ್ಮ ಒಂದು ಯೋಚನೆಯಿತ್ತು. ವಲಸೆ ಹೋಗುವ ಮನೆಯ ಒಂದು ಮಗು, ಊರಲ್ಲೇ ಉಳಿಯುವ ಮನೆಯ ಒಂದು ಮಗು. ಒಬ್ಬರಿಲ್ಲದಾಗ ಇನ್ನೊಬ್ಬರು ನೀರು ಹಾಕಲಿ ಎಂದು. ಉಪಾಯವೇನೋ ಚೆನ್ನಾಗಿಯೇ ಇತ್ತು. ಎಂಟನೆಯ ತರಗತಿಯ ಹುಡುಗಿಯೊಬ್ಬಳ ಹೀರೆಬಳ್ಳಿ ಆ ವರ್ಷ ಇಡೀ ತೋಟಕ್ಕೆ ಮೇಲಾಗಿತ್ತು. ಸಂಕ್ರಾಂತಿಯ ರಜೆ ಮುಗಿದ ಮೇಲೆ ಒಂದು ದಿನ ಬಂದು, ‘ನಾಳೆ ಹೋಗ್ತೀವಿ ಸಾರ್’ ಎಂದಳು. ಅಷ್ಟರಲ್ಲಿ ಬಳ್ಳಿ ಒಣಗಿತ್ತು. ಬೀಜಕ್ಕೆಂದು ಬಿಟ್ಟಿದ್ದ ಎರಡು ಕಾಯಿಗಳನ್ನು ಕಿತ್ತು ಅಡುಗೆಮನೆಯ ತೊಲೆಗೆ ಕಟ್ಟಿ, ಅವನ್ನು ಯಾರಿಗೂ ಕೊಡಬಾರದೆಂದು ಜೊತೆಯವಳಿಗೆ ಆಣೆ ಹಾಕಿಸಿದಳು. ನಾವು ಅದನ್ನು ನೋಡಿ ಮೆಚ್ಚಿ ಸುಮ್ಮನಾದೆವು. ಅಲ್ಲಿಯೇ ನಾವು ಎಡವಿದ್ದು. ಮಡಿಯನ್ನು ನೋಡಿಕೊಳ್ಳಲು ಜೊತೆಯನ್ನು ಗೊತ್ತು ಮಾಡಿದವರು ಮಗುವನ್ನು ನೋಡಿಕೊಳ್ಳಲು ಯಾರನ್ನೂ ಗೊತ್ತು ಮಾಡಿರಲಿಲ್ಲ. ಅವಳ ತಾಯಿತಂದೆಯರೊಡನೆ ಮಾತನಾಡಿ, ವಲಸೆ ಹೋಗುವವರ ಮಕ್ಕಳಿಗೆಂದೇ ನಮ್ಮ ಜಿಲ್ಲೆಯಲ್ಲಿ ಋತುಕಾಲಿಕ ವಸತಿನಿಲಯಗಳನ್ನು ನಡೆಸಿದ್ದುಂಟೆಂದು, ಈ ವರ್ಷ ಹತ್ತಿರದಲ್ಲಿ ಎಲ್ಲಿದೆಯೆಂದು ವಿಚಾರಿಸಿ ಹೇಳುವುದು ನಮ್ಮ ಕೆಲಸವಾಗಿತ್ತು. ಅವಳು ಮಾರ್ಚ್ ಕೊನೆಯಲ್ಲಿ ಬಂದಳು. ಕೈಬೆರಳುಗಳು ಮೆಣಸಿನಕಾಯಿಯ ಉರಿಗೆ ಸುಲಿದಿದ್ದವು. ಮೊದಲು ಹೋಗಿ ನೋಡಿದ್ದು ತೊಲೆಗೆ ಕಟ್ಟಿದ ಕಾಯಿಗಳನ್ನು. ಪರೀಕ್ಷೆ ಬರೆದಳು, ಪಾಸಾದಳು; ಆದರೆ ಅವಳ ಹಾಗೆ ಹೋದ ಏಳು ಮಕ್ಕಳಲ್ಲಿ ಇಬ್ಬರು ಶಾಲೆಗೆ ಮರಳಲೇ ಇಲ್ಲ. ಅವರ ಮಡಿಗಳಿಗೆ ಜೊತೆಯವರು ತಪ್ಪದೆ ನೀರು ಹಾಕಿದ್ದರು.

ಈಗ ನಾವು ನವೆಂಬರಿನಲ್ಲೇ, ಲಾರಿಯ ಮೇಸ್ತ್ರಿ ಊರಿಗೆ ಬಂದು ಮುಂಗಡ ಕೊಡುವ ಮೊದಲೇ, ಸಂಘದ ಸಭೆಗೆ ಹೆತ್ತವರನ್ನು ಕರೆಯುತ್ತೇವೆ. ಮುಂಗಡ ತೆಗೆದುಕೊಂಡ ಮೇಲೆ ಮಾತು ನಡೆಯದು. ಸಭೆಯಲ್ಲಿ ಉಪದೇಶವಿಲ್ಲ, ಮಕ್ಕಳು ತಮ್ಮ ದಿನಚರಿಯನ್ನು ಓದುತ್ತಾರೆ, ಬೆಳೆದದ್ದನ್ನು ತೋರಿಸುತ್ತಾರೆ. ಅನಂತರ ಕಾನೂನಿನ ಮಾತನ್ನೂ ಒಂದಿಷ್ಟು ಹೇಳುತ್ತೇವೆ: 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಆರರಿಂದ ಹದಿನಾಲ್ಕು ವಯಸ್ಸಿನ ಮಗುವಿಗೆ ಶಾಲೆ ಹಕ್ಕು, 2016ರ ತಿದ್ದುಪಡಿಯಂತೆ ಹದಿನಾಲ್ಕರೊಳಗಿನ ಮಗುವನ್ನು ಪರರ ಹೊಲದಲ್ಲಿ ದುಡಿಸುವುದು ಅಪರಾಧ. ಕಾಯಿದೆಗಿಂತ ಅಜ್ಜಿಯರೇ ಹೆಚ್ಚು ಕೆಲಸ ಮಾಡಿದ್ದಾರೆಂಬುದು ನಮ್ಮ ಅನುಭವ. ‘ಇವಳನ್ನು ನಾನೇ ಇಟ್ಕೊಂತೀನಿ, ನೀವು ಹೋಗ್ರಿ’ ಎಂದು ಅಜ್ಜಿಯೊಬ್ಬರು ಸಭೆಯಲ್ಲಿಯೇ ಎದ್ದು ನಿಂತು ಹೇಳಿದರು. ಎಲ್ಲ ಮನೆಯಲ್ಲೂ ಅಂಥ ಅಜ್ಜಿಯಿಲ್ಲ. ಕಳೆದ ಸಲ ಮೂವರು ಮಕ್ಕಳು ಹೋದರು.

ಉಳಿದ ಮಕ್ಕಳಿಗೆ ಜನವರಿಯಿಂದ ಏಪ್ರಿಲಿನವರೆಗೆ ಕೆಲಸವೇನು? ನೀರಿಲ್ಲ, ಬಿಸಿಲು ಏರುತ್ತದೆ, ಮಾರ್ಚ್ ಮಧ್ಯದಿಂದ ಬೆಳಗಿನ ಶಾಲೆ ಮಾತ್ರ. ಇಲ್ಲಿಯೇ ಒಹಾಯೊದ ಮೇಷ್ಟರು ನಮಗೆ ನೆರವಾದರು. ಹೊಲ ಬರಿದಾದ ಮೇಲೆಯೇ ಮಣ್ಣಿನ ಮಾದರಿ ತೆಗೆಯುವ ಕಾಲ. ಒಂದು ಹೊಲದಲ್ಲಿ ಎಂಟು ಹತ್ತು ಕಡೆ, ಮೇಲಿನ ಕಸ ಸರಿಸಿ, ಇಂಗ್ಲಿಷಿನ ‘ವಿ’ ಅಕ್ಷರದಂತೆ ಗೇಣು ಆಳದ ಗುಂಡಿ ತೋಡಿ, ಅದರ ಗೋಡೆಯಿಂದ ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪದ ಮಣ್ಣನ್ನು ಕೆರೆದು, ಎಲ್ಲವನ್ನೂ ಕೂಡಿಸಿ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಚೆಲ್ಲಿ, ಹೀಗೆಯೇ ಅರ್ಧ ಕಿಲೋ ಉಳಿಯುವವರೆಗೆ ಮಾಡಬೇಕು. ಗೊಬ್ಬರದ ತಿಪ್ಪೆಯ ಬಳಿ, ಬದುವಿನ ಮೇಲೆ, ಮರದ ಕೆಳಗೆ ತೆಗೆಯಬಾರದು. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಕಾರ್ಡ್ ಯೋಜನೆಯ ಕಾರ್ಡು ಅನೇಕ ಮನೆಗಳಲ್ಲಿ ರೇಷನ್ ಕಾರ್ಡಿನ ಹಿಂದೆ ಮಡಿಸಿಟ್ಟಿರುತ್ತದೆ. ಅದನ್ನು ಅಪ್ಪನಿಗೆ ಓದಿ ಹೇಳುವುದೇ ಒಂದು ವಾರದ ಕೆಲಸ. ಮೊದಲು ನಮ್ಮ ಕೊಠಡಿಗೆ ಬಂದು ಪ್ರಶ್ನೆ ಕೇಳಿದ್ದರೆಂದು ಹೇಳಿದೆವಷ್ಟೆ, ಆ ತಂದೆಯೇ ತಮ್ಮ ಹೊಲದ ಮಾದರಿ ತೆಗೆಯಲು ಮಗನನ್ನೂ ಅವನ ಜೊತೆಯ ನಾಲ್ವರನ್ನೂ ಕರೆದರು. ನಮಗೆ ಅದೇ ಅವರ ಮರುಮಾತು.

ಮೇ ತಿಂಗಳೊಳಗೆ ಮಾಡಲೇಬೇಕಾದದ್ದು ಮೊಳಕೆಯ ಪರೀಕ್ಷೆ. ಮನೆಯಲ್ಲಿಟ್ಟ ಬೀಜದಿಂದ ಆರಿಸದೆ ನೂರು ಕಾಳು ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ನೆರಳಿನಲ್ಲಿಟ್ಟು, ವಾರದ ಮೇಲೆ ಮೊಳೆತದ್ದನ್ನು ಎಣಿಸಬೇಕು. ಪ್ರಮಾಣಿತ ಬೀಜಕ್ಕೆ ಜೋಳದಲ್ಲಿ ನೂರಕ್ಕೆ 75, ಶೇಂಗಾದಲ್ಲಿ 70, ಕಡಲೆಯಲ್ಲಿ 85 ಮೊಳೆಯಲೇಬೇಕೆಂದು ನಿಯಮವಿದೆ. ಒಬ್ಬ ಹುಡುಗನ ಮನೆಯ ಶೇಂಗಾ 41 ಮಾತ್ರ ಮೊಳೆಯಿತು. ಅವನು ಅದನ್ನು ಮನೆಯಲ್ಲಿ ಹೇಳಲು ಹೆದರಿದ. ನಾವೇ ಸಂಜೆ ಅವನ ಜೊತೆಗೆ ಹೋದೆವು. ಬೀಜ ಬದಲಾಯಿತು. ಅವನ ಹೆಸರು ಈಗ ಹಾಜರಿ ಪುಸ್ತಕದಲ್ಲಿ ಒಂದು ಶನಿವಾರವೂ ತಪ್ಪುವುದಿಲ್ಲ.

ಇದಲ್ಲದೆ ದರದ ಪುಸ್ತಕವೊಂದಿದೆ. ಆದೋನಿ ಮಾರುಕಟ್ಟೆಯ ಹತ್ತಿ, ಶೇಂಗಾ, ಪತ್ತಿಕೊಂಡದ ಟೊಮೇಟೊ, ಕರ್ನೂಲಿನ ಉಳ್ಳಾಗಡ್ಡಿ. ವಾರಕ್ಕೊಂದು ದಿನ ಪತ್ರಿಕೆ ನೋಡಿ ಬರೆದು ಗ್ರಾಫ್ ಹಾಳೆಯಲ್ಲಿ ಗೆರೆ ಎಳೆಯುತ್ತಾರೆ. ಟೊಮೇಟೊದ ಗೆರೆ ನೆಲಕ್ಕೆ ಬಿದ್ದ ವಾರ ರೈತರು ಅದನ್ನು ರಸ್ತೆಗೆ ಸುರಿದ ಸುದ್ದಿ ಬಂದರೆ, ಮಕ್ಕಳು ಕೇಳುವ ಪ್ರಶ್ನೆಗಳಿಗೆ ಅರ್ಥಶಾಸ್ತ್ರ ಓದಿದವರೂ ತಡವರಿಸಬೇಕಾದೀತು. ಮಳೆಯ ಪುಸ್ತಕಕ್ಕಾಗಿ ಹಿರಿಯರನ್ನು ಕೇಳಿಕೊಂಡು ಬರುವ ಕೆಲಸವೂ ಈ ಕಾಲಕ್ಕೇ: 2009ರ ಅಕ್ಟೋಬರಿನಲ್ಲಿ ತುಂಗಭದ್ರೆ ಉಕ್ಕಿ ಕರ್ನೂಲು ನಗರವೇ ಮುಳುಗಿದಾಗ ನಮ್ಮ ಕಡೆ ನೀರು ಎಲ್ಲಿಯವರೆಗೆ ಬಂದಿತ್ತೆಂದು ಕೇಳಿ, ಆ ಗುರುತಿನ ಬಳಿ ನಿಂತು ಅಳೆದು ಬರೆದುಕೊಂಡರು. ಸಾಧ್ಯವಾದರೆ ವರ್ಷಕ್ಕೊಮ್ಮೆ ಎಮ್ಮಿಗನೂರಿನ ಬಳಿಯ ಬನವಾಸಿ ಕೃಷಿ ವಿಜ್ಞಾನ ಕೇಂದ್ರಕ್ಕೂ ಮಕ್ಕಳನ್ನು ಕರೆದೊಯ್ಯಬಹುದು. ಬನವಾಸಿಯೆಂಬ ಹೆಸರು ಕೇಳಿ ಕದಂಬರ ರಾಜಧಾನಿಗೇ ಹೊರಟೆವೆಂದು ಸಂಭ್ರಮಿಸಿದ ಕನ್ನಡದ ಹುಡುಗನಿಗೆ ಎಮ್ಮೆಗಳನ್ನು ತೋರಿಸಿ ಸಮಾಧಾನ ಮಾಡಬೇಕಾಯಿತು.

ಒಂದು ನಿಯಮವನ್ನು ಮಾತ್ರ ಮೀರಿಲ್ಲ. ಸಂಘದಲ್ಲಿ ಔಷಧಿ ಹೊಡೆಯುವ ಯಂತ್ರಕ್ಕೆ ಪ್ರವೇಶವಿಲ್ಲ. ಹುಳು ಬಿದ್ದರೆ ಕೈಯಿಂದ ಆರಿಸುವುದು, ಇಲ್ಲವೇ ಬೇವಿನ ಬೀಜದ ಕಷಾಯ. ನೂರು ಲೀಟರಿಗೆ ಐದು ಕಿಲೋ ಬೀಜದ ತಿರುಳು. ನಮ್ಮ ಮಡಿಗಳಿಗೆ ಎರಡು ಲೀಟರಿಗೆ ನೂರು ಗ್ರಾಂ ಸಾಕು. ಬೇವಿನ ಹಣ್ಣು ಉದುರುವುದು ಶಾಲೆ ತೆರೆಯುವ ದಿನಗಳಲ್ಲೇ ಆದ್ದರಿಂದ ಜೂನಿನ ಮೊದಲ ಶನಿವಾರದ ಕೆಲಸ ಅದನ್ನು ಆರಿಸುವುದು.

ಉಳಿದದ್ದು ಬೇಸಗೆಯ ರಜೆ. ಏಪ್ರಿಲ್ 24ರಿಂದ ಜೂನ್ 11ರವರೆಗೆ ಶಾಲೆಯ ಗೇಟಿಗೆ ಬೀಗ. ಎಲ್ಲ ಶಾಲಾ ತೋಟಗಳೂ ಸಾಯುವುದು ಈ ಏಳು ವಾರಗಳಲ್ಲಿ. ಮೊದಲೆರಡು ವರ್ಷ ನಮ್ಮದೂ ಸತ್ತಿತು. ಈಗ ಮಡಿಗಳನ್ನು ಒಣಗಲು ಬಿಟ್ಟು, ನುಗ್ಗೆ ಕರಿಬೇವುಗಳ ಬುಡಕ್ಕೆ ಶೇಂಗಾ ಹೊಟ್ಟು ಹರಡಿ, ವಾರಕ್ಕೆ ಎರಡು ಸಲ ನೀರು ಹಾಕುವ ಸರದಿಯನ್ನು ಊರಲ್ಲೇ ಇರುವ ಹತ್ತು ಮಕ್ಕಳಿಗೆ ಹಂಚಿದ್ದೇವೆ. ಗೇಟಿನ ಬೀಗದ ಕೈ ಒಂದನ್ನು ಅಡುಗೆಯ ತಾಯಿಯ ಮನೆಯಲ್ಲಿ ಇಟ್ಟಿದ್ದೇವೆ. ಬೀಗದ ಕೈ ಹೊರಗೆ ಕೊಡುವುದು ನಿಯಮಕ್ಕೆ ವಿರುದ್ಧವೆಂದು ಹೇಳಿದವರುಂಟು. ಕಳೆದ ಬೇಸಗೆಯಲ್ಲಿ ಒಂದು ಬಕೆಟ್ಟು ಕಳೆದುಹೋಯಿತು, ನುಗ್ಗೆಯ ಗಿಡಗಳು ಉಳಿದವು. ಬಕೆಟ್ಟಿನ ಹಣವನ್ನು ನಾವು ಕಟ್ಟಿ ದಿನಚರಿಯಲ್ಲಿ ಬರೆದಿದ್ದೇವೆ. ಆದೋನಿಯ ಮಿತ್ರರು ಬಯಸಿದರೆ ಆ ದಿನಚರಿಯ ಪ್ರತಿಯನ್ನೂ, ಒಂದು ಹಿಡಿ ಹೀರೆಬೀಜವನ್ನೂ ಅಂಚೆಯಲ್ಲಿ ಕಳುಹಿಸುತ್ತೇವೆ. ಬೀಜ ಆ ತೊಲೆಯ ಮೇಲಿನ ಕಾಯಿಗಳದೇ. ನೂರಕ್ಕೆ 88 ಮೊಳೆತಿದೆ.